ಹದಿನಾಲ್ಕು ನಂಬರ್ ಪಾನಾ

ಲಿಂಗಸುಗೂರಿನ ಮೆಕ್ಯಾನಿಕ್ ಅರವತ್ತೈದು ಸಾವಿರ ಎಂದ. ಇಂಜಿನ್ ಇಳಿಸಿ ಏರಿಸಲು ಹನ್ನೆರಡು, ಕ್ರ್ಯಾಂಕ್ ತಿಕ್ಕಿಸಲು ಎಂಟು, ಬೇರಿಂಗ್, ಗ್ಯಾಸ್ಕೆಟ್, ಆಯಿಲ್. ಬಿಚ್ಚಿದ ಮೇಲೆ ಇನ್ನೇನು ಸಿಗುತ್ತದೋ ಅದು ಬೇರೆ. ಸಿಂಧನೂರಿನವನು ಬಿಚ್ಚುವ ಮಾತೇ ಬೇಡ, ಗುಜರಿಯಿಂದ ಬೇರೆ ಇಂಜಿನ್ ತಂದು ಕೂರಿಸೋಣ, ತೊಂಬತ್ತು ಸಾವಿರ ಎಂದ. ಗಾಡಿಗೆ ಕುದುರಿದ್ದ ಬೆಲೆಯೇ ಎರಡು ಲಕ್ಷ ಮೂವತ್ತೈದು ಸಾವಿರ. ಸಿಂಧನೂರಿನ ಅಕ್ಕಿ ವ್ಯಾಪಾರಿ ಅಂಬಪ್ಪ ಹತ್ತು ಸಾವಿರ ಮುಂಗಡ ಕೊಟ್ಟು, ಗುರುವಾರ ಬಂದು ಒಯ್ಯುತ್ತೇನೆ ಎಂದಿದ್ದ. ಆ ದುಡ್ಡು ಕೈಗೆ ಬಂದರೆ ಮಾತ್ರ ನಾನು ಹೊಸ ಗಾಡಿ ತರಬಹುದಿತ್ತು. ಅವನು ಮುಂಗಡ ಕೊಟ್ಟ ಮರುದಿನವೇ ಇಂಜಿನ್ನಿನಲ್ಲಿ ಸಪ್ಪಳ ಶುರುವಾಯಿತು.

ಮಸ್ಕಿಯಲ್ಲಿ ನಮ್ಮದು ಶಾಮಿಯಾನದ ಅಂಗಡಿ. ಯಜಮಾನರಿಗೆ ಸರಕಾರಿ ನೌಕರಿ. ಅಂಗಡಿ ನೋಡುವವಳು ನಾನು. ಕುರ್ಚಿ, ಕಂಬ, ಅಡುಗೆಯ ಹಂಡೆ ಎಲ್ಲವನ್ನೂ ಊರೂರಿಗೆ ಹೊತ್ತದ್ದು ಈ ಒಂದೇ ಹಳೆಯ ಪಿಕಪ್ಪು. ಹನ್ನೊಂದು ವರ್ಷದಿಂದ ಅದನ್ನು ಓಡಿಸಿದವನು ಗದ್ದೆಪ್ಪ. ಕೀಲಿ ಸಹ ಅವನ ಮನೆಯಲ್ಲೇ ಇರುತ್ತಿತ್ತು.

ಸಪ್ಪಳ ಎಂದರೆ ಟಕ್ ಟಕ್ ಟಕ್ ಎಂದು, ಖಾಲಿ ಹಂಡೆಯನ್ನು ಯಾರೋ ಒಳಗಿನಿಂದ ಬೆರಳ ಗಣ್ಣಿನಲ್ಲಿ ಬಡಿದಂತೆ. ಎಕ್ಸಿಲೇಟರ್ ಒತ್ತಿದರೆ ಬಡಿತವೂ ಜೋರಾಗುತ್ತಿತ್ತು. ಎರಡೂ ಊರಿನವರು ಉದ್ದನೆಯ ಸ್ಕ್ರೂಡ್ರೈವರ್ ಇಂಜಿನ್ನಿಗೆ ಚುಚ್ಚಿ, ಹಿಡಿಕೆಗೆ ಕಿವಿ ಕೊಟ್ಟು, ಸಾವಿನ ಸುದ್ದಿ ಹೇಳುವವರಂತೆ ತಲೆ ಅಲ್ಲಾಡಿಸಿದ್ದರು. "ಒಳಗ ಬೇರಿಂಗ್ ಹೋಗೈತ್ರೀ."

ಸಿಂಧನೂರಿನಿಂದ ಬರುವಾಗ ಗದ್ದೆಪ್ಪ ಕಾಲುವೆ ದಾಟಿದ ಮೇಲೆ ಗಾಡಿ ನಿಧಾನ ಮಾಡಿದ.

"ಅಕ್ಕಾರ, ಈ ಸಪ್ಪಳ ಕೇಳಿ ಅಂಬಪ್ಪ ಸುಮ್ನ ಒಯ್ತಾನೇನ್ರೀ? ಮುಂಗಡ ತಿರುಗಿ ಕೇಳ್ತಾನ, ಮ್ಯಾಲೆ ಊರೆಲ್ಲ ಹೇಳ್ಕೊಂತ ತಿರಗ್ತಾನ."

"ಮತ್ತೇನು ಮಾಡೂದು?"

"ಒಂದು ಲಕ್ಷದ ಇಪ್ಪತ್ತು ಸಾವಿರ ನಾ ಕೊಡ್ತೀನಿ. ನನ್ನ ಹೆಂಡತಿ ಸಂಘದಾಗ ಸಾಲ ಹೇಳ್ಯಾಳ. ಇದರ ರೋಗ ನನಗ ಗೊತ್ತೈತಿ, ಹೆಂಗಾರ ಸುಧಾರಿಸ್ಕೊಂತೀನಿ."

ನನ್ನ ಕಣ್ಣಲ್ಲಿ ನೀರು ಬಂತು. ಕೆಟ್ಟ ಗಾಡಿಯನ್ನು ನನಗಾಗಿ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ಹೂಂ ಎನ್ನಲು ಬಾಯಿ ತೆರೆದವಳು, ಹದಿನೆಂಟು ವರ್ಷ ವ್ಯಾಪಾರ ಮಾಡಿದ ಚಟಕ್ಕೆ, "ಬುಡ್ಡೇಸಾಬಗೂ ಒಮ್ಮೆ ತೋರ್ಸೋಣು" ಎಂದೆ.

"ಆತನ ಕಿವಿ ಮಂದ ಆಗ್ಯಾವ್ರೀ ಅಕ್ಕಾರ. ಹಾರ್ನ್ ಹೊಡದ್ರ ನಮಸ್ಕಾರ ಅಂತಾನ."

ಬುಡ್ಡೇಸಾಬ್ ಮಸ್ಕಿಯ ಹಳೆಯ ಮೇಸ್ತ್ರಿ. ಗ್ಯಾರೇಜು ಮುಚ್ಚಿ ಈಗ ಅಳಿಯನ ಟೈರ್ ಅಂಗಡಿಯಲ್ಲಿ ಕೂರುತ್ತಾನೆ. ಆ ಸಂಜೆಯೇ ಹೋಗಿ, ಗದ್ದೆಪ್ಪ ಅಂದದ್ದನ್ನೂ ಸೇರಿಸಿ ಎಲ್ಲ ಹೇಳಿ ಬಂದೆ. ಮರುದಿನ ಬೆಳಿಗ್ಗೆ ಚೀಲ ಹಿಡಿದು ನಮ್ಮ ಅಂಗಡಿಯ ಮುಂದೆ ಬಂದ.

"ನನ್ನ ಕಿವಿ ಮಂದ ಆಗ್ಯಾವ ಅಂದ್ಯಂತಲ್ಲಲೇ ಗದ್ದೆಪ್ಪ? ಖರೇ ಐತಿ. ಕಿವಿ ಬ್ಯಾಡ, ಕೈಲೆ ನೋಡೋಣು. ಗಾಡಿ ಚಾಲೂ ಮಾಡು, ಎಕ್ಸಿಲೇಟರ್ ಒಂದ ಸಮ ಹಿಡಿ."

ಗದ್ದೆಪ್ಪ ಒಳಗೆ ಕುಳಿತ. ಬಡಿತ ಶುರುವಾಯಿತು. ಬುಡ್ಡೇಸಾಬ್ ನನ್ನನ್ನು ಹತ್ತಿರ ಕರೆದ.

"ನೋಡವಾ ಅಮರಮ್ಮ, ನಾಕು ಪಿಸ್ಟನ್ ಅದಾವು. ಒಂದೊಂದಕ್ಕ ಡೀಸೆಲ್ ಬಂದ್ ಮಾಡ್ತೀನಿ. ಯಾವುದರ ಬೇರಿಂಗ್ ಹೋಗಿರ್ತೈತೋ, ಅದಕ್ಕ ಬಂದ್ ಮಾಡಿದಾಗ ಸಪ್ಪಳ ಸಣ್ಣದಾಗ್ತೈತಿ. ನಿನ್ನ ಕಿವಿ ಚಲೋ ಅದಾವಲ್ಲ, ನೀನ ಹೇಳು."

ಮೊದಲನೆಯ ಪೈಪಿನ ನಟ್ಟು ಸಡಿಲಿಸಿದ. ಡೀಸೆಲ್ ಚಿಮ್ಮಿತು, ಇಂಜಿನ್ ಕುಂಟಿತು. ಬಡಿತ ಹಾಗೆಯೇ ಇತ್ತು. ಎರಡನೆಯದು, ಮೂರನೆಯದು, ನಾಲ್ಕನೆಯದು. ಯಾವುದಕ್ಕೂ ಅದು ಬದಲಾಗಲಿಲ್ಲ. ನಾನು ಪ್ರತಿ ಸಲ ಇಲ್ಲವೆಂದು ತಲೆಯಾಡಿಸಿದೆ. ಗಾಜಿನ ಆಚೆ ಗದ್ದೆಪ್ಪ ನನ್ನನ್ನು ನೋಡದೆ ಸ್ಟೇರಿಂಗನ್ನೇ ನೋಡುತ್ತಿದ್ದ.

"ಇದು ಒಳಗಿನ ರೋಗ ಅಲ್ಲ" ಎಂದ ಬುಡ್ಡೇಸಾಬ್. ಗಾಡಿ ಬಂದ್ ಮಾಡಿಸಿ ಫ್ಯಾನ್ ಬೆಲ್ಟ್ ಬಿಚ್ಚಿದ. ಮತ್ತೆ ಚಾಲೂ ಮಾಡಿಸಿದ.

ಬಡಿತವಿಲ್ಲ. ಹಳೆಯ ಇಂಜಿನ್ನು ಮೊದಲಿನಂತೆ ಗುರುಗುಟ್ಟುತ್ತಿತ್ತು, ಅಷ್ಟೇ.

ಇಂಜಿನ್ ನಿಂತ ಮೇಲೆ ಮುದುಕ ಆ ಬೆಲ್ಟ್ ತಿರುಗಿಸುವ ಡೈನಮೋದ ಕೆಳಗೆ ಕೈ ತೂರಿಸಿ ಬಹಳ ಹೊತ್ತು ತಡಕಾಡಿದ. "ಇಲ್ಲಿ ಬೆರಳು ಹಾಕು" ಎಂದು ನನಗೆ ಹೇಳಿದ. ಡೈನಮೋ ಹಿಡಿದು ಅಲ್ಲಾಡಿಸಿದಾಗ ಅದು ಇಂಜಿನ್ನಿಗೇ ಬಡಿಯುವುದು ಗೊತ್ತಾಯಿತು. ಬೋಲ್ಟು ಸಡಿಲಿತ್ತು. ಅದರ ತಲೆಗೆ ಸಣ್ಣ ತಂತಿ ಸುತ್ತಿತ್ತು.

"ತಾನ ಸಡ್ಲಾದ ಬೋಲ್ಟಿಗೆ ತಂತಿ ಯಾರು ಕಟ್ತಾರ? ಬೇಕಂತ ಸಡ್ಲ ಮಾಡಿ, ಎಲ್ಲಿ ಕಳಚಿ ಬೀಳ್ತೈತೋ ಅಂತ ಕಟ್ಟ್ಯಾರ" ಎಂದು ಮೆಲ್ಲಗೆ ಹೇಳಿದ. "ಗಾಡಿ ಕೆಡಸಬೇಕು ಅನ್ನೋನು ಇಷ್ಟು ಕಾಳಜಿ ಮಾಡಂಗಿಲ್ಲ."

ಬಗ್ಗಿ ನೋಡಿದೆ. ತಾಮ್ರದ ತಂತಿ, ಸುಟ್ಟ ಮೋಟಾರಿನದು. ಮೂರು ಸುತ್ತು, ತುದಿ ಒಳಕ್ಕೆ ಮಡಚಿದ್ದು. ನಮ್ಮ ಗಾಡಿಯ ಕನ್ನಡಿಯಿಂದ ಸೈಲೆನ್ಸರ್‌ವರೆಗೆ ಅಂಥ ಕಟ್ಟುಗಳು ಹತ್ತಾರಿವೆ. ಒರೆಸುವಾಗ ಬಟ್ಟೆ ಸಿಕ್ಕಿಕೊಳ್ಳಬಾರದೆಂದು ತುದಿ ಮಡಚುವುದು ಗದ್ದೆಪ್ಪನ ರೂಢಿ.

ಬುಡ್ಡೇಸಾಬ್ ತಲೆ ಎತ್ತದೆ ಕೈ ಹಿಂದಕ್ಕೆ ಚಾಚಿದ. "ಇದರ ಅಳತಿದು ನನ್ನ ಚೀಲದಾಗ ಇಲ್ಲ. ಒಂದು ಪಾನಾ ಕೊಡಲೇ."

ಗದ್ದೆಪ್ಪ ಇಳಿದು ಬಂದು ಗಾಡಿಯ ಸ್ಪ್ಯಾನರ್ ಡಬ್ಬಿಯಿಂದ ಒಂದು ಪಾನಾ ತೆಗೆದು ಆ ಕೈಯಲ್ಲಿಟ್ಟ. ಹದಿನಾಲ್ಕು ನಂಬರಿನದು. ಬೋಲ್ಟಿಗೆ ಸರಿಯಾಗಿ ಕೂತಿತು. ಡಬ್ಬಿಯಲ್ಲಿ ಹತ್ತು ಪಾನಾಗಳಿದ್ದವು, ಮತ್ತು ಯಾವ ಬೋಲ್ಟು, ಎಷ್ಟರ ಅಳತೆ ಎಂದು ಬುಡ್ಡೇಸಾಬ್ ಅವನಿಗೆ ಇನ್ನೂ ಹೇಳಿರಲಿಲ್ಲ.

ಮುದುಕ ಬಿಗಿ ಮಾಡಿ, ಬೆಲ್ಟ್ ಹಾಕಿ, ಆ ತಂತಿಯನ್ನೇ ಮತ್ತೆ ಸುತ್ತಿ, ಕೈ ತೊಳೆಯುತ್ತೇನೆಂದು ಹಿತ್ತಲಿಗೆ ಹೋದ.

"ಯಾವಾಗ ಸಡ್ಲ ಮಾಡಿದಿ?" ಎಂದೆ.

"ಅಂಬಪ್ಪ ಮುಂಗಡ ಕೊಟ್ಟ ಸಂಜೀಲೆ."

"ಬೇಕಿದ್ರ ನನಗ ಕೇಳಬೇಕಿತ್ತು. ಎರಡು ಲಕ್ಷಕ್ಕ ಕೊಡ್ತಿದ್ದೆ. ಕಂತು ಹಾಕಿ ಕೊಡ್ತಿದ್ದೆ."

"ಕೊಟ್ಟ ಮಾತನ್ನ ತಿರುಗಿ ಕೇಳಿ ಇಸ್ಕೋಬೇಕೇನ್ರೀ? ಹಳ್ಳ ಬಂದ ದಿನ ನೀವ ಹೇಳಿದ್ರಿ."

ಅವನು ಹೇಳಿದ ಮೇಲೆ ನೆನಪಾಯಿತು. ಏಳು ವರ್ಷದ ಹಿಂದೆ, ಮದುವೆಯ ಸಾಮಾನು ತುಂಬಿದ ಗಾಡಿ ಹಳ್ಳದ ನೀರಿಗೆ ಸಿಕ್ಕಿತ್ತು. ಶಾಮಿಯಾನದ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಇಳಿದವನು ಗದ್ದೆಪ್ಪ. ಗಾಡಿ ದಡಕ್ಕೆ ಬಂದಾಗ ನಡುಗುತ್ತಿದ್ದವನ ಕೈಗೆ ಚಹಾ ಕೊಟ್ಟು ನಾನು ಅಂದಿದ್ದೆ: ಇದನ್ನ ನಿಂದ ಅಂತ ತಿಳಕೋ, ಎಂದಾರ ಕೊಡೋದಾದ್ರ ನಿನಗ ಕೊಡೋದು. ಆ ಹೊತ್ತಿಗೆ ಬಾಯಿಗೆ ಬಂದ ಮಾತು. ಮನೆಗೆ ಹೋಗುವಷ್ಟರಲ್ಲಿ ಮರೆತಿದ್ದೆ.

ಆದರೂ ಸಿಟ್ಟು ಇಳಿಯಲಿಲ್ಲ. "ಅರವತ್ತೈದು ಸಾವಿರ ಅಂದಾಗ ನನ್ನ ಮುಖ ನೋಡಿದಿ. ನೋಡಿನೂ ಸುಮ್ನ ಕುಂತಿ."

"ಮುಂಗಡ ಎಣಿಸ್ಕೊಳ್ಳೋವಾಗನೂ ನಿಮ್ಮ ಮುಖ ನೋಡಿದ್ದೆರೀ, ಅಕ್ಕಾರ. ಒಮ್ಮೆನೂ ನನ್ನ ಕಡೆ ತಿರುಗಲಿಲ್ಲ."

ಕೀಲಿಯನ್ನು ಪೇರಿಸಿಟ್ಟ ಕುರ್ಚಿಗಳ ಮೇಲಿಟ್ಟು ಹೋದ. ಆಗಲೂ ಅವನನ್ನು ಕರೆದು ಗಾಡಿ ಕೊಡಬಹುದಿತ್ತು. ನಾನು ಕರೆಯಲಿಲ್ಲ.

ಬುಡ್ಡೇಸಾಬ್ ಮುನ್ನೂರು ರೂಪಾಯಿ ತೆಗೆದುಕೊಂಡ. ಗುರುವಾರ ಅಂಬಪ್ಪ ಉಳಿದ ಎರಡು ಲಕ್ಷ ಇಪ್ಪತ್ತೈದು ಸಾವಿರ ಎಣಿಸಿ, ಇಂಜಿನ್ ಚಲೋ ಐತಿ ಎಂದು ಹೊಗಳಿ ಗಾಡಿ ಒಯ್ದ. ಗದ್ದೆಪ್ಪ ಈಗ ಮುದಗಲ್ಲಿನಲ್ಲಿ ಬೇರೆಯವರ ಗಾಡಿ ಓಡಿಸುತ್ತಾನೆ. ನಮ್ಮಲ್ಲಿ ಹೊಸ ಗಾಡಿಯಿದೆ, ಹೊಸ ಡ್ರೈವರ್ ಇದ್ದಾನೆ. ಕೀಲಿಯನ್ನು ಸಂಜೆ ಅವನಿಂದ ಇಸಿದುಕೊಂಡು ನಾನೇ ಇಟ್ಟುಕೊಳ್ಳುತ್ತೇನೆ.