ಕೆಂಪೆಲೆಯ ಜಾಗ

ನನ್ನ ಗಂಡ ಇಗ್ನೇಷಿಯಸ್ ಆರು ತಿಂಗಳಿನಿಂದ ನನ್ನ ಜೊತೆ ಒಂದು ಸಲವೂ ಜಗಳವಾಡಿರಲಿಲ್ಲ. ಕೇಳಿದವರು ನನ್ನನ್ನು ಪುಣ್ಯವಂತೆ ಎನ್ನುತ್ತಾರೆ. ಅವರಿಗೇನು ಗೊತ್ತು? ಬಹ್ರೇನಿನ ಮೀನಾ ಸಲ್ಮಾನ್ ಬಂದರಿನ ಬಳಿ ಒಂದೇ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಅವರು ಮರ ಕೊಯ್ದಿದ್ದಾರೆ, ನಾನು ಸೋಫಾಗಳಿಗೆ ಬಟ್ಟೆ ಹೊಲಿದಿದ್ದೇನೆ. ನಮ್ಮ ವಾದದ ಮುಂದೆ ಗರಗಸದ ಸದ್ದು ಏನೂ ಅಲ್ಲ ಎಂದು ಪಕ್ಕದ ವೆಲ್ಡಿಂಗ್ ಅಂಗಡಿಯ ಗಿರಿಧರ್ ನಗುತ್ತಿದ್ದ. ಕಾಲು ಅಂಗುಲದ ಅಳತೆಗೆ ನಾವು ಅರ್ಧ ದಿನ ಮಾತು ಬಿಟ್ಟದ್ದುಂಟು. ಹಾಗೆ ಕಟ್ಟಿದ ಕುರ್ಚಿಗಳು ಇವತ್ತಿಗೂ ಅಲುಗಾಡದೆ ನಿಂತಿವೆ.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಹಾಗೆ ಅವರ ಬಲಗೈ ಸೋತುಹೋಯಿತು. ಪಾರ್ಶ್ವವಾಯು ಎಂದರು. ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಎರಡು ವಾರ, ಆಮೇಲೆ ದಿನಾ ವ್ಯಾಯಾಮ. ಕೈಗೆ ಮುಕ್ಕಾಲು ಪಾಲು ಬಲ ಬಂದಿದೆ, ಉಳಿದದ್ದು ಕೆಲಸ ಮಾಡುತ್ತಾ ಬರುತ್ತದೆ ಎಂದರು ಡಾಕ್ಟರು. ಕೈ ಬಂತು, ಮನುಷ್ಯ ಬರಲಿಲ್ಲ. ಮೀನಿನ ಸಾರಿಗೆ ಬೇಕೆಂದೇ ಉಪ್ಪು ಹಾಕದೆ ಬಡಿಸಿ ನೋಡಿದೆ, ಚೆನ್ನಾಗಿದೆ ಎಂದು ಊಟ ಮುಗಿಸಿ ಎದ್ದರು. ಯಾವುದಕ್ಕೂ ಒಂದೇ ಉತ್ತರ, ನೀನು ಹೇಳಿದ ಹಾಗೆ. ಅದರ ಮೇಲೆ, ಈ ವರ್ಷ ಮುಗಿದರೆ ಉಪಕರಣಗಳನ್ನೆಲ್ಲ ಗಿರಿಧರನಿಗೆ ಕೊಟ್ಟು ಅಂಗಡಿ ಮುಚ್ಚುವ ಎಂದು ಒಂದು ದಿನ ಬಸ್ಸಿನ ಸಮಯ ಹೇಳಿದಷ್ಟು ಸಲೀಸಾಗಿ ಹೇಳಿಬಿಟ್ಟರು. ಅಂಗಡಿ ಹೋದರೆ ಹೋಗಲಿ. ಈ ಸಾಧು ಮುದುಕನ ಜೊತೆ ಉಳಿದ ಆಯುಷ್ಯ ಕಳೆಯುವುದು ಹೇಗೆ ಎಂದು ನನಗೆ ನಿಜವಾಗಿ ಭಯವಾಯಿತು.

ಸೆಪ್ಟೆಂಬರಿನಲ್ಲಿ ಅಝೀಝ್ ಸಾಹೇಬರ ಪಿಕಪ್ ನಮ್ಮ ಬಾಗಿಲಿಗೆ ಬಂತು. ಅವರು ಬಹ್ರೇನಿನವರೇ, ಹಡಗುಗಳ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಪಿಕಪ್ಪಿನಿಂದ ಇಳಿದದ್ದು ನನ್ನೆತ್ತರದ ಆರು ಹಲಗೆಗಳು. ಒಬ್ಬ ಜಪಾನೀ ಕ್ಯಾಪ್ಟನ್ ಉಡುಗೊರೆ ಕೊಟ್ಟ ಮಡಚುವ ತೆರೆಯಂತೆ ಅದು. ವರ್ಷಗಟ್ಟಲೆ ಸ್ಟೋರಿನಲ್ಲಿ ಬಿದ್ದು, ಹಲಗೆಗಳನ್ನು ಕೂಡಿಸುವ ಕಾಗದದ ಕೀಲುಗಳು ಕಳಚಿದ್ದವು, ಬೆನ್ನಿನ ಕಾಗದ ಹುಳದ ಪಾಲಾಗಿತ್ತು. ಹೊಸ ಮಜ್ಲಿಸಿನಲ್ಲಿ ಅತಿಥಿಗಳು ಕೂರುವ ಕಡೆ ಇಡಬೇಕು, ಗುರುವಾರ ಬೇಕು ಎಂದರು. ಜನವರಿಯಿಂದ ಡಿಸೆಂಬರ್ ತನಕ ಒಂದು ಇಡೀ ವರ್ಷ ಇದರಲ್ಲಿದೆ ಎಂದು ಕ್ಯಾಪ್ಟನ್ ಹೇಳಿದ್ದನಂತೆ. ಯಾವುದರ ನಂತರ ಯಾವುದು ಎಂದು ಅವರಿಗೂ ನೆನಪಿರಲಿಲ್ಲ. ನಿಮಗೆ ಸರಿ ಕಂಡ ಹಾಗೆ ಜೋಡಿಸಿ ಎಂದು ಹೋದರು.

ಒಂದೊಂದು ಹಲಗೆಯಲ್ಲೂ ಬೇರೆಯೇ ಚಿತ್ರ. ಪೈನ್ ಮರದ ಕೆಳಗೆ ಎರಡು ಕೊಕ್ಕರೆಗಳು. ಬೋಳು ಕೊಂಬೆಯಲ್ಲಿ ನಾಲ್ಕೈದು ಬಿಳಿ ಹೂ, ಅದರ ಬುಡದಲ್ಲಿ ಹಿಮ. ಗುಲಾಬಿ ಬಣ್ಣದ ಎಸಳು ಸುರಿಸುವ ಮರ, ನೀರಿನ ಪಕ್ಕ ಕತ್ತಿಯಂಥ ಎಲೆಗಳ ನಡುವೆ ನೀಲಿ ಹೂ, ಹಿಮದ ಭಾರಕ್ಕೆ ಬಾಗಿದ ಬಿದಿರು. ಆರನೆಯದು ಕೆಂಪು ಎಲೆಯ ಕೊಂಬೆ, ಅದನ್ನು ನೋಡುತ್ತಾ ನಿಂತ ಒಂದು ಜಿಂಕೆ.

ನನಗೆ ಯೋಚಿಸಲು ಎರಡು ನಿಮಿಷವೂ ಬೇಡವಾಯಿತು. ಕೆಂಪೆಲೆ ಎಂದರೆ ಚಿಗುರು, ಅದೂ ಗೊತ್ತಿಲ್ಲವೇ? ನಮ್ಮ ಕಡೆ ಮಾವು, ಗೇರು ಎಲ್ಲ ಚಿಗುರುವುದು ಕೆಂಪಾಗಿಯೇ. ಜಿಂಕೆ ಬಂದದ್ದೂ ಎಳೆ ಎಲೆಯ ಆಸೆಗೆ. ಆದ್ದರಿಂದ ಅದು ವಸಂತ. ನೀರಿನ ಪಕ್ಕದ ನೀಲಿ ಹೂ ಮಳೆಗಾಲ. ಹೂ ಉದುರಿಸುವ ಮರ ವರ್ಷದ ಇಳಿಹೊತ್ತು. ಹಿಮದ ಎರಡು ಜನವರಿಯ ಚಳಿ, ಅವು ಕೆಂಪೆಲೆಗಿಂತ ಮೊದಲು. ಕೊಕ್ಕರೆಗಳು ಚಂದವಿವೆ ಎಂದು ಅವನ್ನು ಎಲ್ಲಕ್ಕಿಂತ ಮೊದಲು, ಎಡತುದಿಗೆ ಇಟ್ಟೆ. ಇಗ್ನೇಷಿಯಸ್ ಕೆಂಪೆಲೆಯ ಮುಂದೆ ತುಂಬ ಹೊತ್ತು ನಿಂತರು. ಬಾಯಿ ತೆರೆದರು, ಮುಚ್ಚಿದರು, ನೀನು ಹೇಳಿದ ಹಾಗೆ ಎಂದರು. ಮೂರ್ಖಿ ನಾನು, ಖುಷಿಪಟ್ಟೆ.

ಮೈದಾ ಅಂಟು ಕುದಿಸಿ ಕೊಟ್ಟೆ. ಗಟ್ಟಿ ಕಾಗದದ ಪಟ್ಟಿಗಳನ್ನು ಪದರ ಪದರವಾಗಿ ಅಂಟಿಸಿ ಅವರು ಐದು ಕೀಲು ಮಾಡಿದರು, ಬೆನ್ನಿಗೆ ನಾನು ಕೊಟ್ಟ ಬಟ್ಟೆ ಎಳೆದು ಕೂಡಿಸಿದರು. ಎಲ್ಲ ಎಡಗೈಯಲ್ಲಿ. ಬಲಗೈ ಪಟ್ಟಿಯನ್ನು ಒತ್ತಿ ಹಿಡಿಯಲು ಮಾತ್ರ. ನಾಲ್ಕು ದಿನ ಹಿಡಿಯಿತು. ಮಂಗಳವಾರ ಸಂಜೆಗೆ ತೆರೆ ಎದ್ದು ನಿಂತಿತು.

ಬುಧವಾರ ಬೆಳಿಗ್ಗೆ ಅವರು ಕೈಯ ವ್ಯಾಯಾಮಕ್ಕೆ ಹೋಗಿದ್ದಾಗ ಹಂಸಾ ದಿಂಬಿನ ಕವರುಗಳಿಗೆಂದು ಬಂದಳು. ಬೆಂಗಳೂರಿನ ಹುಡುಗಿ, ಇಲ್ಲಿ ಬ್ಯಾಂಕಿನಲ್ಲಿ ಕೆಲಸ. ರಜೆಯ ದಿನ ಒಬ್ಬ ಜಪಾನೀ ಹೆಂಗಸಿನ ಹತ್ತಿರ ಹೂ ಜೋಡಿಸುವುದನ್ನು ಕಲಿಯುತ್ತಾಳೆ. ತೆರೆಯನ್ನು ಕಂಡದ್ದೇ ಕಣ್ಣರಳಿಸಿದಳು, ಆಮೇಲೆ ಹುಬ್ಬು ಗಂಟಿಕ್ಕಿದಳು.

"ಆಂಟಿ, ಇದು ಉಲ್ಟಾ ಆಗಿದೆ. ಅಲ್ಲಿ ಎಲೆ ಉದುರೋಕೆ ಮುಂಚೆ ರೆಡ್ ಆಗತ್ತೆ. ಇದು ಆಟಮ್ ಸೀಸನ್ ಪ್ಯಾನೆಲ್."

ನಾನು ಚಿಗುರಿನ ವಾದ ಹೂಡಿದೆ. ಅವಳು ನಗದೆ ಕೇಳಿಸಿಕೊಂಡು ಒಂದೊಂದನ್ನೇ ತೋರಿಸಿದಳು. ಇದನ್ನು ಬಲದಿಂದ ಎಡಕ್ಕೆ ನೋಡಬೇಕಂತೆ. ಪೈನ್, ಕೊಕ್ಕರೆ ಎರಡೂ ದೀರ್ಘಾಯುಸ್ಸು, ಹೊಸ ವರ್ಷದ ಹರಕೆ. ಹಿಮ ಕರಗುವ ಮೊದಲೇ ಅರಳುವ ಪ್ಲಮ್ ಹೂ ಧೈರ್ಯ, ಆದ್ದರಿಂದ ಅದು ವಸಂತದ ಬಾಗಿಲು. ಎಸಳು ಸುರಿಸುವ ಚೆರಿ ವಸಂತದ ನಡು. ಇರುವುದು ಸ್ವಲ್ಪ ದಿನ, ಕಣ್ತುಂಬ ನೋಡಿಕೋ ಎನ್ನುತ್ತದಂತೆ ಅದು. ಕತ್ತಿಯೆಲೆಯ ನೀಲಿ ಹೂ ಕೆಟ್ಟದ್ದನ್ನು ಹೊರಗಿಡಲು. ಕೆಂಪೆಲೆ ಐದನೆಯದು, ಕೊನೆಗೆ ಬಾಗಿದರೂ ಮುರಿಯದ ಬಿದಿರು. ಕೊಕ್ಕರೆಗಳಿಂದ ಹಿಡಿದು ಎಲ್ಲವೂ ತಪ್ಪಿದ್ದವು.

ಅವಳು ಹೋದ ಮೇಲೆ ನಾನು ಸ್ಟೂಲಿನ ಮೇಲೆ ಕೂತೆ. ಅಝೀಝ್ ಸಾಹೇಬರಿಗೆ ಗೊತ್ತಾಗುವುದಿಲ್ಲ, ಅವರ ಅತಿಥಿಗಳಿಗೂ ಗೊತ್ತಾಗಲಿಕ್ಕಿಲ್ಲ. ಕಾಯಿಲೆಯ ನಂತರ ಇವರು ಮುಗಿಸಿದ ಮೊದಲ ಕೆಲಸ ಇದು. ಕಳಚು ಎಂದರೆ ನಾಳೆಯೇ ಉಪಕರಣದ ಪೆಟ್ಟಿಗೆ ಗಿರಿಧರನ ಅಂಗಡಿ ಸೇರುತ್ತದೆ. ತಪ್ಪು ಮಾಡಿದ್ದು ನಾನು, ಸೋಲುವುದು ಅವರು. ಬಾಯಿಗೆ ಬೀಗ ಹಾಕಿಕೊಳ್ಳುವುದೆಂದು ನಿಶ್ಚಯಿಸಿದೆ. ನನ್ನ ಬಾಯಿಗೆ ಅದರ ಅಭ್ಯಾಸವಿಲ್ಲ ಎನ್ನುವುದು ಬೇರೆ ಮಾತು.

ಹನ್ನೊಂದಕ್ಕೆ ಅವರು ಬಂದರು. ತೆರೆಯ ಮುಂದೆ ನಿಂತು ಕೀಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಸರಿ ಉಂಟಲ್ಲ ಫ್ಲಾವಿಯಾ?"

ಆರು ತಿಂಗಳಲ್ಲಿ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಮುಖದಲ್ಲಿ ಅಂಥ ಆಸೆ ಇಟ್ಟುಕೊಂಡು ಕೇಳುವವರಿಗೆ ಸುಳ್ಳು ಹೇಳಲು ನನಗಾಗಲಿಲ್ಲ. ಹಂಸಾ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಬೇಕಾದರೆ ಹಾಗೇ ಬಿಡುವ, ಯಾರಿಗೂ ತಿಳಿಯುವುದಿಲ್ಲ ಎಂದೂ ಸೇರಿಸಿದೆ.

ಅವರ ಕಿವಿ ಕೆಂಪಾಯಿತು.

"ಹಾಗೇ ಬಿಡುವುದಾ? ಎಂತ ಮಾತಾಡ್ತಿ ನೀನು? ಚಿಗುರು ಅಂತೆ ಚಿಗುರು. ಮಾವಿನ ಚಿಗುರು ಹೇಗೆ ಇರ್ತದೆ ಹೇಳು ನೋಡುವ? ಮೆತ್ತಗೆ ಕೆಳಗೆ ಜೋತು ಬೀಳ್ತದೆ. ಇದು ಬಿರುಸಾಗಿ ಅಗಲ ಬಿಡಿಸಿ ನಿಂತಿದೆ, ತುದಿ ಒಣಗಿದೆ. ಬಲಿತ ಎಲೆ. ಮರದ ಕೆಲಸ ಮಾಡುವವ ನಾನಾ, ನೀನಾ?"

ಹಾಗಾದರೆ ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದು ನಾನೂ ಸ್ವರ ಏರಿಸಿದೆ. ಅವರ ಸ್ವರ ಥಟ್ಟನೆ ಇಳಿಯಿತು.

"ಹೆದರಿಕೆ ಆಯ್ತು ಮಾರಾಯ್ತಿ. ಕೈಯ ಹಾಗೆ ತಲೆಯೂ ಹೋಗಿರಬಹುದು ಅಂತ. ನಾನು ಹೇಳಿದ್ದು ತಪ್ಪಾದರೆ ನಿನಗೂ ಗೊತ್ತಾಗ್ತದಲ್ಲ."

ಇಷ್ಟು ದಿನ ಈ ಮನುಷ್ಯ ನನಗೆ ಹೆದರಿ ಸುಮ್ಮನಿದ್ದದ್ದಲ್ಲ, ತನಗೇ ಹೆದರಿದ್ದು. ತಲೆ ಹೋಗಿದ್ದರೆ ನಾಲ್ಕು ದಿನ ಮೊದಲೇ ಎಲೆಯ ಪ್ರಾಯ ಹೇಗೆ ತಿಳಿಯುತ್ತಿತ್ತು ಎಂದು ಕೇಳಿದೆ. ಅವರು ಎಡಗೈಯಲ್ಲಿ ಚಾಕು ಎತ್ತಿಕೊಂಡರು. ಒದ್ದೆ ಬಟ್ಟೆ ತಾ ಎಂದರು. ತಂದುಕೊಟ್ಟದ್ದು ಸಾಕಷ್ಟು ಒದ್ದೆಯಿಲ್ಲ ಎಂದು ಬೈದರು. ಅಂಟು ತೆಳುವಾಯಿತು ಎಂದು ಬೈದರು, ದಪ್ಪವಾಯಿತು ಎಂದು ಮತ್ತೆ ಬೈದರು. ನಾನೇನು ಕಡಿಮೆಯೇ, ಒಂದಕ್ಕೆ ಎರಡು ಕೊಟ್ಟೆ. ಸದ್ದು ಕೇಳಿ ಗಿರಿಧರ್ ವೆಲ್ಡಿಂಗ್ ಕನ್ನಡಕ ಹಣೆಗೇರಿಸಿಕೊಂಡು ಇಣುಕಿ ನೋಡಿದ. ಏನೂ ಕೇಳದೆ ನಗುತ್ತಾ ಹೋಗಿ ನಮಗಿಬ್ಬರಿಗೆ ಚಹಾ ಕಳಿಸಿದ.

ಮೂರನೆಯ ಕೀಲಿನ ಹೊತ್ತಿಗೆ ಒಂದು ಸಂಗತಿ ಕಂಡೆ. ಬೈಯುವ ಭರದಲ್ಲಿ ಚಾಕು ಬಲಗೈಗೆ ಬಂದಿತ್ತು. ನಡುಗುತ್ತಿತ್ತು, ಆದರೆ ಅಂಚು ತಪ್ಪುತ್ತಿರಲಿಲ್ಲ. ಹೇಳಿದರೆ ಎಲ್ಲಿ ನಿಂತುಬಿಡುತ್ತದೋ ಎಂದು ನಾನು ಹೇಳಲಿಲ್ಲ. ಬದಲಿಗೆ ಐದನೆಯ ಹಲಗೆ ಸೊಟ್ಟಗಿದೆ ಎಂದು ಸುಳ್ಳು ತಗಾದೆ ತೆಗೆದೆ.

ಗುರುವಾರ ಮಧ್ಯಾಹ್ನ ಕೀಲುಗಳು ಒಣಗಿ ಮುಗಿಯುವಷ್ಟರಲ್ಲಿ ಅಝೀಝ್ ಸಾಹೇಬರು ಬಂದರು. ನಾವು ಯಾರೂ ಏನೂ ಹೇಳದಿದ್ದರೂ ಅವರು ಬಲತುದಿಗೆ ಹೋಗಿ ನಿಂತರು, ಬಲದಿಂದ ಎಡಕ್ಕೆ ಅರಬ್ಬಿ ಓದುವ ಕಣ್ಣು. ಕೊಕ್ಕರೆಗಳಿಂದ ಬಿದಿರಿನವರೆಗೆ ನಿಧಾನವಾಗಿ ನಡೆದು ಕೆಂಪೆಲೆಯ ಹತ್ತಿರ ವಾಪಸು ಬಂದರು. ತಮ್ಮ ಪ್ರಾಯದವರಿಗೆ ಇದೇ ಜಾಗ ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ಉದುರುವ ಮೊದಲು ಬಣ್ಣ ತೋರಿಸಬೇಕಲ್ಲವೇ ಎಂದು ಇಗ್ನೇಷಿಯಸ್ ಅಂದಾಗ ಇಬ್ಬರೂ ಕೈ ಕುಲುಕಿದರು. ಬಲಗೈಯನ್ನೇ.

ತೆರೆಯನ್ನು ಪಿಕಪ್ಪಿಗೆ ಏರಿಸಿದ ಮೇಲೆ ಸಾಹೇಬರು ನನ್ನ ಹತ್ತಿರ ಬಂದರು. ಅವರ ಅಜ್ಜನ ಕಾಲದ ಕೆತ್ತನೆಯ ಬಾಗಿಲೊಂದಿದೆ, ಆರು ತಿಂಗಳ ಕೆಲಸ, ಇವರಿಂದ ಆಗಬಹುದೇ ಎಂದು ಸ್ವರ ತಗ್ಗಿಸಿ ಕೇಳಿದರು. ಕಾಯಿಲೆ ಬಂದಂದಿನಿಂದ ಎಲ್ಲರೂ ಹಾಗೆಯೇ, ಇವರ ವಿಷಯ ನನ್ನನ್ನು ಕೇಳುತ್ತಾರೆ. ನಾನು ಉತ್ತರಕ್ಕೆ ಬಾಯಿ ತೆರೆದೆ.

"ಫ್ಲಾವಿಯಾ, ನೀನು ಸುಮ್ಮನಿರು," ಎಂದರು ಇಗ್ನೇಷಿಯಸ್. ಆಮೇಲೆ ಸಾಹೇಬರ ಕಡೆ ತಿರುಗಿ, ಬಾಗಿಲನ್ನು ಶನಿವಾರ ತರಲು ಹೇಳಿದರು.

ನಾನು ಸುಮ್ಮನಿದ್ದೆ. ಇಷ್ಟು ಖುಷಿಯಿಂದ ನಾನು ಯಾವತ್ತೂ ಸುಮ್ಮನಿದ್ದದ್ದಿಲ್ಲ.