ಆರೂವರೆಯ ತಗ್ಗು

ಪರದೆಯ ಮೇಲೆ ಇಪ್ಪತ್ತೊಂದು ಗೆರೆಗಳಿದ್ದವು, ದಿನಕ್ಕೊಂದರಂತೆ. ಪ್ರತಿ ಗೆರೆಯೂ ಬೆಳಿಗ್ಗೆ ಏಳರ ಹೊತ್ತಿಗೆ ಮೇಲೆದ್ದು, ಶಾಲೆಯ ಹೊತ್ತಿನುದ್ದಕ್ಕೂ ಸಮತಟ್ಟಾಗಿ ಸಾಗಿ, ಸಂಜೆ ಆರೂವರೆಗೆ ಕುಸಿಯುತ್ತಿತ್ತು. ಭಾನುವಾರಗಳಲ್ಲಿ ಮಾತ್ರ ಕುಸಿತಕ್ಕೆ ಗೊತ್ತಾದ ಹೊತ್ತಿರಲಿಲ್ಲ; ಹಲ್ಲು ಮುರಿದ ಬಾಚಣಿಗೆಯ ಹಾಗೆ ಅಲ್ಲಲ್ಲಿ ತಗ್ಗು.

ಶ್ರವಣ ಕ್ಲಿನಿಕ್ಕಿನ ತಜ್ಞೆ ಪೆನ್ಸಿಲಿನ ಹಿಂಬದಿಯಿಂದ ಆ ಜಾಗವನ್ನು ಮುಟ್ಟಿ ತೋರಿಸಿದಳು. ಕಿವಿಯೊಳಗೆ ಎಷ್ಟು ಹೊತ್ತು ಇದ್ದೆ ಎಂಬುದನ್ನು ಶ್ರವಣಯಂತ್ರ ತಾನೇ ಬರೆದಿಟ್ಟುಕೊಳ್ಳುತ್ತದಂತೆ. ಏಳು ವರ್ಷದ ಮಗು, ಜ್ವರದಲ್ಲಿ ಕೇಳುವ ಶಕ್ತಿ ಅರ್ಧಕ್ಕರ್ಧ ಹೋಗಿ ಎರಡು ವರ್ಷವಾಗಿದೆ, ಎಚ್ಚರವಿರುವಷ್ಟು ಹೊತ್ತೂ ಹಾಕಿಕೊಂಡಿದ್ದರೆ ಮಾತ್ರ ಮಾತು ಮತ್ತೆ ಹತ್ತಿರವಾಗುತ್ತದೆ ಎಂದು ವಿವರಿಸಿ, ಆಮೇಲೆ ಕೇಳಿದಳು: "ಆರೂವರೆಗೆ ಮನೇಲಿ ಏನಾಗುತ್ತೆ?"

ಹೆಂಡತಿ ಕೈಚೀಲದ ಜಿಪ್ಪು ಎಳೆದಳು, ಮತ್ತೆ ಮುಚ್ಚಿದಳು. ಮಗಳು ಗೋಡೆಯ ಮೇಲಿನ ಕಿವಿಯ ಚಿತ್ರದೊಳಗಿನ ಬಸವನಹುಳುವಿನಂಥ ಸುರುಳಿಯನ್ನು ಬೆರಳಿನಿಂದ ಸುತ್ತುತ್ತಿದ್ದಳು. ಕೊನೆಗೆ ಹುಡುಗಿಯ ಅಪ್ಪನೇ ಹೇಳಬೇಕಾಯಿತು.

"ನಾನು ಬರ್ತೀನಿ."

ಅವನು ಒಂದು ಮುದ್ರಣಾಲಯದಲ್ಲಿ ದೊಡ್ಡ ಮೆಷಿನ್ನು ನಡೆಸುತ್ತಿದ್ದ. ಹದಿನೇಳು ವರ್ಷ ಆ ಸದ್ದಿನ ಪಕ್ಕದಲ್ಲಿ ನಿಂತು, ಅದರ ಮೇಲಿನಿಂದ ಮಾತಾಡಿ ಮಾತಾಡಿ, ಅವನ ಗಂಟಲಿಗೆ ಒಂದೇ ಗೇರು ಉಳಿದಿತ್ತು. ಜೊತೆಯವರು ಅವನನ್ನು ಗುಡುಗು ಎನ್ನುತ್ತಿದ್ದರು. ಫೋನು ಎತ್ತಿದರೆ ಅವನೂ "ಗುಡುಗು ಮಾತಾಡ್ತಿರೋದು" ಎನ್ನುತ್ತಿದ್ದ. ಅದರಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. ಮನೆಯಲ್ಲಿ ಉಪ್ಪಿನ ಡಬ್ಬಿ ಸ್ಥಳ ಬದಲಾಯಿಸಿದ್ದಕ್ಕೂ, ಕೊಳಾಯಿ ತೊಟ್ಟಿಕ್ಕಿದ್ದಕ್ಕೂ, ಸಂತೋಷವಾದರೂ, ಸಿಟ್ಟು ಬಂದರೂ ಅದೇ ಗುಡುಗು. ಅವನು ಯಾರನ್ನೂ ಹೊಡೆದವನಲ್ಲ. ಆ ಕಾರಣಕ್ಕೆ ತನ್ನನ್ನು ಕೆಟ್ಟವನೆಂದು ಯೋಚಿಸುವ ಸಂದರ್ಭವೂ ಬಂದಿರಲಿಲ್ಲ.

ಯಂತ್ರವನ್ನು ಮೊದಲ ಸಲ ಹೊಂದಿಸುವಾಗ ಒಂದು ತಪ್ಪು ನಡೆದುಹೋಗಿತ್ತು. ಮಗುವಿನ ಜೊತೆ ದಿನವೂ ಮಾತಾಡುವ ಮನೆಯವರ ಧ್ವನಿಯನ್ನು ಈ ಕ್ಲಿನಿಕ್ಕಿನಲ್ಲಿ ಅಳೆಯುತ್ತಿದ್ದರು. ಮೀಟರಿನ ಮುಂದೆ ಕೂತು, ಮನೆಯಲ್ಲಿ ಹೇಗೋ ಹಾಗೆ ನಾಲ್ಕು ಸಾಲು ಓದಬೇಕು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ ಅವನು, ಬಿಳಿ ಗೋಡೆಗೂ ಫಿನೈಲಿನ ವಾಸನೆಗೂ ಸಂಕೋಚಪಟ್ಟು, ಪರೀಕ್ಷೆಗೆ ಕೂತ ಹುಡುಗನ ದನಿಯಲ್ಲಿ ಓದಿದ್ದ. ಕಡತದಲ್ಲಿ ಹಾಗೆಯೇ ಬಿತ್ತು: ತಾಯಿ, ಮಧ್ಯಮ. ಅಜ್ಜಿ, ಮಧ್ಯಮ, ವೇಗ ಹೆಚ್ಚು. ತಂದೆ, ಮೆಲುದನಿ. ಮನೆಯಲ್ಲಿ ಕೂಗುವವರಿಲ್ಲವೆಂದುಕೊಂಡು, ಯಂತ್ರ ಎಷ್ಟು ಜೋರಿನವರೆಗೆ ಸದ್ದನ್ನು ಒಳಗೆ ಬಿಡಬೇಕು ಎಂಬ ಮಿತಿಯನ್ನು ಎತ್ತರದಲ್ಲೇ ಇಟ್ಟಿದ್ದರು. ಇಲ್ಲದ ಒಬ್ಬ ಮನುಷ್ಯನ ಅಳತೆ ಕೊಟ್ಟು ಹೊಲಿಸಿದ ಅಂಗಿಯಾಗಿತ್ತು ಅದು.

"ಆ ಮೆಲುದನಿ ಅನ್ನೋದನ್ನ ಹೊಡೆದುಹಾಕಿ ಮೇಡಂ," ಎಂದ ಅವನು. "ಅದು ನಾನಲ್ಲ."

ಹೊಡೆದುಹಾಕಬಹುದು ಎಂದಳು ತಜ್ಞೆ. ಆದರೆ ಮಿತಿಯನ್ನು ಇಳಿಸಬೇಕಾಗುತ್ತದೆ. ಇಳಿಸಿದರೆ ಅವನ ಕೂಗು ನೋಯಿಸುವುದಿಲ್ಲ, ನಿಜ. ಅದರ ಜೊತೆ ಉಳಿದ ಸದ್ದುಗಳೂ ಒತ್ತಿ ಚಪ್ಪಟೆಯಾಗುತ್ತವೆ. ಹತ್ತಿರದ್ದು, ದೂರದ್ದು, ಪಿಸುಮಾತು, ಹಿಂದಿನಿಂದ ಬರುವವರ ಹೆಜ್ಜೆ ಎಲ್ಲ ಒಂದೇ ಮುದ್ದೆ. ಶಾಲೆಯಲ್ಲಿ ಟೀಚರ್ ಹೇಳಿದ್ದರಲ್ಲಿ ಒಂದಿಷ್ಟು ಆ ಮುದ್ದೆಯೊಳಗೇ ಉಳಿದುಬಿಡಬಹುದು.

"ಮತ್ತೆ ಅವತ್ತು ಮೀಟರ್ ಮುಂದೆ ಮಾತಾಡಿದ್ದು ಯಾರು?" ಎಂದು ಕೇಳಿದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎಂಬಂತಿತ್ತು. "ಆ ದನಿ ನಿಮ್ಮ ಗಂಟಲಿಂದಾನೇ ಬಂತು. ಅದು ಸುಳ್ಳು ಅಳತೆ ಅಲ್ಲ. ಒಂದೇ ಒಂದು ಸಲದ ಅಳತೆ, ಅಷ್ಟೇ. ಆರು ವಾರ ಇದನ್ನ ಹೀಗೇ ಬಿಟ್ಟಿರ್ತೀನಿ. ಆಮೇಲೆ ಬನ್ನಿ, ಗೆರೆ ನೋಡಿ ಇಳಿಸೋಣ ಅಥವಾ ಬಿಡೋಣ."

ಅವನು ದನಿಯ ಅಳತೆ ಬರೆದಿದ್ದ ಆ ಹಾಳೆಯ ನಕಲು ಕೇಳಿ ಪಡೆದು, ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಮೊದಲು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಮೆಷಿನ್ನಿನ ಪಕ್ಕದ ಕಂಬಕ್ಕೆ "ಕೂಗಬಾರದು" ಎಂದು ಬರೆದು ಅಂಟಿಸಿದ. ಇಡೀ ದಿನ ಕಣ್ಣೆದುರಿಗೆ ಅದೇ ಪದ ಇದ್ದದ್ದರಿಂದ ಕೂಗುವುದರ ಬಗ್ಗೆ ಎಂದೂ ಯೋಚಿಸದಷ್ಟು ಯೋಚಿಸಿದ. ಒತ್ತಿ ಹಿಡಿದದ್ದೆಲ್ಲ ಸಂಜೆಯ ಹೊತ್ತಿಗೆ ಕುಕ್ಕರಿನ ಹಾಗೆ ಒಳಗೇ ಏರಿರುತ್ತಿತ್ತು. ಮೂರನೆಯ ದಿನ ಬಾಗಿಲಲ್ಲೇ ಬಿದ್ದಿದ್ದ ಶಾಲೆಯ ಚೀಲವನ್ನು ಎಡವಿದ. ಆಮೇಲೆ ಏನೇನು ಕೂಗಿದನೋ ಅವನಿಗೇ ನೆನಪಿಲ್ಲ. ನೆನಪಿದ್ದದ್ದು ಮಗಳ ಕೈ. ಅದು ಮೊದಲು ಬಲಗಿವಿಗೆ ಹೋಯಿತು, ಆಮೇಲೆ ಎಡಗಿವಿಗೆ. ನೇರಳೆ ಬಣ್ಣದ ಎರಡು ಪುಟ್ಟ ಯಂತ್ರಗಳನ್ನು ಡಬ್ಬಿಯಲ್ಲಿಟ್ಟು ಟಕ್ಕೆಂದು ಮುಚ್ಚಿ, ಬಣ್ಣದ ಪೆನ್ಸಿಲು ಹಿಡಿದು ಕೂತಳು. ಮುಖದಲ್ಲಿ ಅಳುವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಬೀದಿಯ ಧೂಳು ಬರುತ್ತಿದೆಯೆಂದು ಕಿಟಕಿ ಮುಚ್ಚುವವರ ಮುಖ ಹಾಗಿರುತ್ತದೆ. ಅತ್ತಿದ್ದರೆ ಎತ್ತಿಕೊಂಡು ಸಮಾಧಾನ ಮಾಡಬಹುದಿತ್ತು. ಈ ಮುಖದ ಹತ್ತಿರ ಅವನಿಗೆ ಮಾಡಲು ಏನೂ ಇರಲಿಲ್ಲ.

ಅವನ ತಾಯಿ ಮೂಲೆಯಲ್ಲಿ ಕೂತು ನೋಡುತ್ತಿದ್ದವಳು, ಅವನಪ್ಪನೂ ಹೀಗೇ ಇದ್ದರೆಂದೂ, ಇವನು ಹುಟ್ಟಿದ ದಿನ ಅಳು ಕೇಳಿ ಪಕ್ಕದ ವಾರ್ಡಿನ ನರ್ಸು ಓಡಿಬಂದಿದ್ದಳೆಂದೂ ನೂರನೆಯ ಸಲ ಹೇಳಿದಳು. "ಬಿಡೋ, ನೀನು ಇರೋದೇ ಹಾಗೆ." ಅವಳು ಹೇಳಿದ್ದು ಸಮಾಧಾನಕ್ಕೆ. ಅಷ್ಟು ವರ್ಷ ಅವನಿಗೆ ಅದರಿಂದ ಸಮಾಧಾನವೂ ಆಗಿತ್ತು.

ಮರುದಿನ ಮುದ್ರಣಾಲಯದ ಹಿಂದಿನ ತೊಟ್ಟಿಯಲ್ಲಿ ಕೈಯ ಮಸಿ ತೊಳೆಯುವಾಗ ಹಾಳೆ ತೆಗೆದು ಮತ್ತೊಮ್ಮೆ ಓದಿದ. ಅಲ್ಲಿ ಏನು ಮಾಡಬಾರದು ಎಂದು ಬರೆದಿರಲಿಲ್ಲ. ಒಬ್ಬ ಮನುಷ್ಯ ಎಂಥವನು ಎಂದಷ್ಟೇ ಬರೆದಿತ್ತು, ಅದೂ ಮೊಹರು ಹಾಕಿ. ಕಂಬಕ್ಕೆ ಅಂಟಿಸಿದ್ದ ಚೀಟಿಯನ್ನು ಕಿತ್ತು, ತೊಟ್ಟಿಯ ಮೇಲಿನ ಮಸುಕು ಕನ್ನಡಿಗೆ ಹೇಳಿದ: "ನಾನು ಮೆಲುದನಿಯವನು."

ಹಿಂದೆ ಬೈಂಡಿಂಗ್ ವಿಭಾಗದ ಅಜ್ಜ ನಿಂತಿದ್ದ. ಗೋಂದಿನ ಬ್ರಷ್ಷನ್ನು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಸಂಜೆಯೊಳಗೆ ಸುದ್ದಿ ಎಲ್ಲರಿಗೂ ಹಬ್ಬಿತು. ಅವನು ಸಿಟ್ಟಾಗಲಿಲ್ಲ, ಹಾಳೆಯನ್ನು ಅಜ್ಜನ ಮುಂದೆ ಹರಡಿದ. ಅಜ್ಜ ಕನ್ನಡಕ ಏರಿಸಿ ಮೊಹರಿನವರೆಗೂ ಓದಿ, "ದಾಖಲೇಲಿ ಇದ್ಯಲ್ಲಪ್ಪ. ಹಾಗಾದ್ರೆ ಹದಿನೇಳು ವರ್ಷ ನಾವೇ ತಪ್ಪು ತಿಳ್ಕೊಂಡಿದ್ವಿ," ಎಂದು ಗಂಭೀರವಾಗಿ ಮಡಚಿ ಕೊಟ್ಟ.

ಮೆಲುದನಿಯವನು ಏನು ಮಾಡುತ್ತಾನೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ಒಂದೊಂದಾಗಿ ಕಂಡುಹಿಡಿಯಬೇಕಾಯಿತು. ಮೊದಲು ತಿಳಿದದ್ದು, ಅಂಥವನು ಬಹಳ ನಡೆಯುತ್ತಾನೆ. ಕೂಗುವವನು ಕೂತಲ್ಲೇ ಕೂತು ಇಡೀ ಮನೆಗೆ ತಲುಪಬಹುದು. ಮೆಲ್ಲಗೆ ಮಾತಾಡಬೇಕಾದರೆ ಎದ್ದು ಹತ್ತಿರ ಹೋಗಬೇಕು. ಕೆಲಸದಲ್ಲಿ ಮೆಷಿನ್ನಿಗೆ ಸುತ್ತು ಹಾಕಿ ಎದುರಿನವರ ಕಿವಿಯವರೆಗೆ ಹೋಗತೊಡಗಿದ. ಗುಟ್ಟು ಹೇಳಲು ಬಂದೆಯಾ ಎಂದು ಅಜ್ಜ ಕಾಡಿದ. "ಗುಡುಗು ಎಲ್ಲಿ ಹೋದ?" ಎಂದರೆ, "ಅವನು ಕೆಲಸ ಬಿಟ್ಟ," ಎಂದ ಇವನು. "ಹೇಳದೆ ಕೇಳದೆ ಬಿಟ್ನಾ? ಒಂದು ಲೋಟ ಟೀ ಕುಡಿಸಿ ಕಳಿಸ್ತಿದ್ವಲ್ಲೋ."

ಮನೆಯಲ್ಲಿ ಹಾಲಿನಿಂದ ಅಡುಗೆಮನೆಗೆ ಹನ್ನೊಂದು ಹೆಜ್ಜೆ. ನೀರು ಕೇಳಲು ಅಲ್ಲಿಯವರೆಗೆ ಹೋದ ಮೇಲೆ ಲೋಟ ಕೈಗೆಟುಕುವಷ್ಟು ಹತ್ತಿರದಲ್ಲೇ ಇರುತ್ತಿದ್ದರಿಂದ ಕೇಳುವ ಅಗತ್ಯವೇ ಉಳಿಯುತ್ತಿರಲಿಲ್ಲ. ಅಲ್ಲಿ ನಿಂತ ಮೇಲೆ ಹೆಂಡತಿಯ ಹಣೆಯ ಬೆವರು ಕಾಣುತ್ತಿತ್ತು. "ಏನ್ರೀ, ಮನೆಯೆಲ್ಲ ಓಡಾಡ್ತಾನೇ ಇರ್ತೀರಿ, ಏನಾದ್ರೂ ಕಳ್ಕೊಂಡಿದ್ದೀರಾ?" ಎಂದು ಅವಳು ಕೇಳಿದಳು. ಹೌದು, ಹುಡುಕುತ್ತಿದ್ದೇನೆ ಎಂದ. ಅವಳು ಸಿಪ್ಪೆ ಸುಲಿಯಲು ಒಂದು ಬುಟ್ಟಿ ಬಟಾಣಿ ಮುಂದಿಟ್ಟಳು.

ಮಗಳ ಕೈಗೆ ಮಾತ್ರ ತನ್ನದೇ ನೆನಪಿತ್ತು. ಬೀಗದಲ್ಲಿ ಕೀಲಿ ತಿರುಗಿದ ಕೂಡಲೇ ಅದು ಕಿವಿಗೆ ಏರುತ್ತಿತ್ತು. ಎರಡು ವಾರ ಏರಿತು, ಯಂತ್ರಗಳು ಡಬ್ಬಿಗೆ ಹೋದವು. ಅವನು ಬೇಡ ಎನ್ನಲಿಲ್ಲ. ಪಕ್ಕದಲ್ಲಿ ಕೂತು, ಅವಳಿಗೆ ಕೇಳಿಸದೆಂದು ಗೊತ್ತಿದ್ದೂ, ಮೆಲ್ಲಗೇ ಮಾತಾಡಿದ. ಮೆಲುದನಿಯವನು ಕೇಳಿಸಿಕೊಳ್ಳುವವರಿಲ್ಲದಾಗಲೂ ಮೆಲುದನಿಯವನೇ ಅಲ್ಲವೇ. ಮೂರನೆಯ ವಾರದಲ್ಲೊಂದು ಸಂಜೆ ಕೈ ಏರಿತು, ಕಿವಿಯ ಬಳಿ ಕ್ಷಣಹೊತ್ತು ನಿಂತಿತು, ಕೂದಲನ್ನು ಹಿಂದಕ್ಕೆ ಸರಿಸಿ ಇಳಿಯಿತು. ಅವನು ನೋಡದವನಂತೆ ಬೂಟಿನ ದಾರ ಬಿಚ್ಚಿದ. ಗಂಟು ಬಿದ್ದಿರದಿದ್ದರೂ ಬಿಚ್ಚಲು ಬಹಳ ಹೊತ್ತು ಹಿಡಿಯಿತು.

ಐದನೆಯ ವಾರದ ಬುಧವಾರ, ಬೆಳಗಿನಿಂದ ಮೆಷಿನ್ನು ಹಾಳೆಗಳನ್ನು ಓರೆಯಾಗಿ ಎಳೆದು ಎರಡು ಸಾವಿರ ಮುಖಪುಟ ಹಾಳಾಗಿದ್ದವು. ಮನೆಗೆ ಬಂದು ನೋಡಿದರೆ, ತಾಯಿ ಹಿಂದಿನ ದಿನದ ಅಂಗಿಯನ್ನು ಜೇಬು ನೋಡದೆ ಒಗೆದಿದ್ದಳು. ಒಳಗಿದ್ದ ಹಾಳೆ ಬಿಳಿ ಉಂಡೆಯಾಗಿತ್ತು. ಅವನು ಕೂಗಿದ. ಗಾಜಿನ ಬೀರುವಿನಲ್ಲಿ ಲೋಟಗಳು ಗಲಗುಟ್ಟುವಷ್ಟು ಜೋರಾಗಿ, ತಾನು ಮೆಲುದನಿಯವನೆಂಬ ದಾಖಲೆಯನ್ನು ಯಾಕೆ ನೀರಿಗೆ ಹಾಕಿದೆಯೆಂದು ಕೂಗಿದ. ಮಗಳು ಒಳಕೋಣೆಯಿಂದ ಓಡಿಬಂದಳು, ಅವನನ್ನು ನೋಡಿದಳು, ಒಲೆಯ ಕಡೆ ನೋಡಿದಳು, ಮತ್ತೆ ಒಳಗೆ ಹೋದಳು.

ಅವನು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ. ಮುಗಿಯಿತು, ಐದು ವಾರ ನೀರಿಗೆ ಬಿತ್ತು ಎನ್ನಿಸಿತು. ನಾನು ಇರೋದೇ ಹೀಗೆ ಎಂಬ ಹಳೆಯ ಮಾತು ನಾಲಿಗೆಯ ತುದಿಗೆ ಬಂತು. ಹೇಳಿನೋಡಿದ. ಸಮಾರಂಭದ ಮನೆಯಿಂದ ಹೊರಡುವಾಗ ಬೇರೆಯವರ ಚಪ್ಪಲಿಯಲ್ಲಿ ಕಾಲಿಟ್ಟ ಹಾಗಾಯಿತು. ಅಳತೆ ಹೆಚ್ಚುಕಡಿಮೆ ಅದೇ, ಆದರೆ ತನ್ನದಲ್ಲ ಎಂದು ಕಾಲಿಗೆ ತಿಳಿಯುತ್ತದೆ. ಎದ್ದು ಒಳಗೆ ಹೋಗಿ, ತಾಯಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು, "ಅಮ್ಮ, ಇವತ್ತು ನಾನು ನನ್ನ ಥರ ಇರ್ಲಿಲ್ಲ," ಎಂದ.

ತಾಯಿ ಕುರ್ಚಿಯ ಕಡೆ ನೋಡಿದಳು. "ನಿಮ್ಮಪ್ಪನ ಕೂಗು ನಲವತ್ತು ವರ್ಷ ಕೇಳಿದೀನಿ," ಎಂದಳು. "ಒಂದು ದಿನಾನೂ ಕೂಗಿದ ಮೇಲೆ ಕುರ್ಚಿ ಎಳ್ಕೊಂಡು ಹತ್ತಿರ ಬಂದಿದ್ದಿಲ್ಲ." ಆಮೇಲೆ ಕಾಗದದ ಉಂಡೆಯನ್ನು ಸೆರಗಿನಲ್ಲಿ ಒತ್ತಿ ಒತ್ತಿ ಒಣಗಿಸಲು ನೋಡಿದಳು, ಅದರಿಂದ ಏನೂ ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆರು ವಾರ ಮುಗಿದ ಮೇಲೆ ಮೂವರೂ ಮತ್ತೆ ಕ್ಲಿನಿಕ್ಕಿನಲ್ಲಿ ಕೂತರು. ಪರದೆಯ ಮೇಲೆ ನಲವತ್ತೆರಡು ಗೆರೆಗಳು. ಮೊದಲ ಸಾಲುಗಳಲ್ಲಿ ಆರೂವರೆಯ ತಗ್ಗು ಹಾಗೆಯೇ ಇತ್ತು. ಮೂರನೆಯ ವಾರದಿಂದ ಅದು ಕೆಲವು ದಿನ ತುಂಬಿ, ಕೆಲವು ದಿನ ಮತ್ತೆ ಬಿದ್ದು, ನಾಲ್ಕನೆಯದರಲ್ಲಿ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ತಜ್ಞೆ ಬಹಳ ಒಳ್ಳೆಯದಾಗಿದೆ, ಮಿತಿಯನ್ನು ಇಳಿಸುವ ಅಗತ್ಯ ಕಾಣುತ್ತಿಲ್ಲ ಎಂದಳು. ಅವನು ತಡೆದ.

"ಐದನೇ ವಾರದ ಬುಧವಾರ ತೋರಿಸಿ ಮೇಡಂ. ಅವತ್ತು ಕೂಗಿದೀನಿ. ನೀವು ಅದನ್ನೂ ನೋಡಿ ತೀರ್ಮಾನ ಮಾಡ್ಬೇಕು."

ತಜ್ಞೆ ಆ ದಿನವನ್ನು ದೊಡ್ಡದು ಮಾಡಿದಳು. ಗೆರೆ ಬೆಳಿಗ್ಗೆ ಏಳಕ್ಕೆ ಎದ್ದು, ಮಲಗುವ ಹೊತ್ತಿನವರೆಗೆ ಎಲ್ಲೂ ಕುಸಿಯದೆ ಸಾಗಿತ್ತು. ಯಂತ್ರ ಕೆಟ್ಟಿರಬೇಕು ಎಂದ ಅವನು. ಯಂತ್ರ ಸರಿಯಾಗಿತ್ತು. ಕೊನೆಗೆ ಅವನು ಮಗಳ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದ: "ಪುಟ್ಟಿ, ಅವತ್ತು ಅಪ್ಪ ಅಷ್ಟು ಜೋರಾಗಿ ಕೂಗಿದ್ನಲ್ಲ. ಯಾಕೆ ತೆಗೀಲಿಲ್ಲ?"

"ಎಲ್ಲೋ ಬೆಂಕಿ ಬಿದ್ದಿದೆ ಅಂದ್ಕೊಂಡೆ," ಎಂದಳು ಮಗಳು. ಇಷ್ಟು ಸರಳವಾದದ್ದು ದೊಡ್ಡವರಿಗೆ ಹೊಳೆಯಲಿಲ್ಲವಲ್ಲ ಎಂಬ ಬೇಸರ ಅವಳ ದನಿಯಲ್ಲಿತ್ತು. "ನೀನು ಸುಮ್ಸುಮ್ನೆ ಕೂಗಲ್ವಲ್ಲ."

ಹೆಂಡತಿ ಕೈಚೀಲದೊಳಗೆ ಕರವಸ್ತ್ರ ಹುಡುಕಿದಳು. ಅವನು ಕುಕ್ಕರಗಾಲಲ್ಲೇ ಇದ್ದ. ತಜ್ಞೆ ಪೆನ್ಸಿಲು ತಿರುಗಿಸಿ, ಮಿತಿಯ ಅಂಕಣದಲ್ಲಿ "ಬದಲಾವಣೆ ಇಲ್ಲ" ಎಂದು ಬರೆದಳು. ತಂದೆ, ಮೆಲುದನಿ ಎಂಬ ಸಾಲು ಇದ್ದಲ್ಲೇ ಉಳಿಯಿತು.

ಹೊರಗೆ ಸಂಜೆಯ ಬೀದಿ ತುಂಬಿತ್ತು. ಹೆಂಡತಿ ಔಷಧಿ ಅಂಗಡಿಯಲ್ಲಿ ಯಂತ್ರಕ್ಕೆ ಬ್ಯಾಟರಿ ಕೊಳ್ಳಲು ನಿಂತಳು. ಮಗಳು ಮುಂದೆ ಹೋಗಿ, ಬಣ್ಣದ ಮೀನು ಮಾರುವ ಅಂಗಡಿಯ ಗಾಜಿನ ತೊಟ್ಟಿಗೆ ಮೂಗು ಒತ್ತಿ ನಿಂತಿದ್ದಳು, ಇಪ್ಪತ್ತು ಹೆಜ್ಜೆ ದೂರ. ಕರೆಯಬೇಕೆಂದು ಅವನ ಎದೆ ಗಾಳಿ ತುಂಬಿಕೊಂಡಿತು. ಅದನ್ನು ಹಾಗೆಯೇ ಬಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ನಡೆದ. ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ಮಗಳು ಮೀನಿನಿಂದ ಕಣ್ಣು ತೆಗೆಯದೆ, "ಬಂದ್ಯಾ ಅಪ್ಪ," ಎಂದಳು.

"ಹೇಗೆ ಗೊತ್ತಾಯ್ತು?"

"ನಿನ್ನ ಬೂಟು ಕೇಳಿಸ್ತು."