ಅಲ್ಲಾಡದೆ ನಿಂತವರು

ಸುನಂದ ಕೋಲಾರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ವಯಸ್ಸು ಮೂವತ್ತೇಳು, ಮದುವೆಯಾಗಿರಲಿಲ್ಲ. ಕಾಲೇಜು ಬಿಟ್ಟರೆ ಬಾಡಿಗೆ ಕೋಣೆ. ಎಷ್ಟೋ ಭಾನುವಾರಗಳು ಯಾರೊಂದಿಗೂ ಒಂದು ಮಾತಿಲ್ಲದೆ ಕಳೆದುಹೋಗುತ್ತಿದ್ದವು.

2006ರಲ್ಲಿ ಅವಳು ಪಿಎಚ್.ಡಿ.ಗಾಗಿ ಒಂದು ಪ್ರೋಗ್ರಾಂ ಬರೆಯುತ್ತಿದ್ದಳು. ಮನೆಮಂದಿ ತೆಗೆದ ವಿಡಿಯೋಗಳಲ್ಲಿ ಕೈ ನಡುಗಿ ಚಿತ್ರವೆಲ್ಲ ಓಲಾಡುತ್ತಿರುತ್ತದೆ. ಆ ಓಲಾಟದ ನಡುವೆ ನಿಜವಾಗಿ ಚಲಿಸುತ್ತಿರುವುದು ಯಾವುದೆಂದು ಕಂಪ್ಯೂಟರ್ ತಾನೇ ಪತ್ತೆಹಚ್ಚಿ, ಅದರ ಸುತ್ತ ಕೆಂಪು ಚೌಕ ಹಾಕಬೇಕಿತ್ತು. ಪರೀಕ್ಷೆಗೆ ಅಂಥ ಹಳೇ ಕ್ಯಾಸೆಟ್‌ಗಳು ಬೇಕಾಗಿದ್ದವು. ಶ್ರೀನಿವಾಸಪುರದ ಸ್ಟುಡಿಯೋದವರಿಗೆ ಹೇಳಿಟ್ಟಿದ್ದಳು.

ಅವರ ಮೂಲಕ ಸಿಕ್ಕವಳು ಅಂಗನವಾಡಿಯ ಭಾರತಮ್ಮ. ಗಂಡ ಕೋದಂಡರಾಮಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಕ್ಯಾಸೆಟ್ ಕೊಡುವಾಗ ಒಂದೇ ಷರತ್ತು ಹಾಕಿದ್ದಳು: "ನನ್ ಹತ್ರ ಪ್ಲೇಯರ್ ಇಲ್ಲ ಮೇಡಂ. ನಿಮ್ ಕೆಲ್ಸ ಆದ್ಮೇಲೆ ಬಂದು ನಂಗೊಂದ್ಸಲ ತೋರಿಸ್ಬೇಕು."

ಹದಿನೈದು ದಿನ ಬಿಟ್ಟು ಸುನಂದ ಕಾಲೇಜಿನ ಲ್ಯಾಪ್‌ಟಾಪ್ ಹಿಡಿದು ಬಸ್ ಹತ್ತಿದಳು.

ಭಾರತಮ್ಮ ಚಾಪೆ ಹಾಸಿ, ಸೆರಗಿನಿಂದ ಕನ್ನಡಕ ಒರೆಸಿಕೊಂಡು ಕುಳಿತಳು. ಪರದೆಯ ಮೇಲೆ ಮಾವಿನ ತೋಟ ಕಂಡಿತು. ಅಡ್ಡಾಡುವ ಕರುವಿಗೆ ಚೌಕ ಬಿತ್ತು. ಬುಟ್ಟಿ ಹೊತ್ತು ಹೋದ ಆಳಿಗೆ ಬಿತ್ತು. ನಡುವೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೈ ಇಳಿಬಿಟ್ಟು ನಿಂತಿದ್ದ ಕೋದಂಡರಾಮಪ್ಪನಿಗೆ ಬೀಳಲೇ ಇಲ್ಲ.

"ಇವ್ರಿಗ್ಯಾಕೆ ಗೆರೆ ಹಾಕಿಲ್ಲ?"

"ಅದು ಓಡಾಡೋದನ್ನ ಮಾತ್ರ ಹಿಡಿಯುತ್ತೆ ಅಮ್ಮ. ಇವ್ರು ನಾಲ್ಕು ನಿಮಿಷ ಒಂಚೂರೂ ಅಲ್ಲಾಡಿಲ್ಲ. ಕಂಪ್ಯೂಟರಿಗೆ ಇವ್ರೂ ಮರವೂ ಒಂದೇ."

ಭಾರತಮ್ಮ ಪರದೆಯ ಹತ್ತಿರಕ್ಕೆ ಬಾಗಿದಳು. "ನಾನೇ ಹೇಳಿದ್ದು. ನಮ್ ತಮ್ಮ ಕ್ಯಾಮೆರಾ ತಂದಿದ್ದ. ಅಲ್ಲಾಡ್ಬೇಡಿ, ಫೋಟೋ ಕೆಡ್ತದೆ ಅಂದೆ. ವಿಡಿಯೋ ಅಂದ್ರೇನಂತ ನಮಗೆಲ್ಲಿ ಗೊತ್ತಿತ್ತು? ಪಾಪ, ಹಾಗೇ ನಿಂತ್ಬಿಟ್ರು."

ಮತ್ತೆ ಹಾಕಲು ಹೇಳಿದಳು. ಚೌಕಗಳಿಲ್ಲದ ಮೂಲ ಚಿತ್ರವನ್ನು ಸುನಂದ ಮೂರು ಸಲ ಹಾಕಿದಳು.

"ನಿಮ್ ಪುಸ್ತಕದಲ್ಲಿ ಇದನ್ನ ಏನಂತ ಬರೀತೀರಿ?"

"ಎರಡು ಚಲನೆ ಇತ್ತು, ಎರಡೂ ಸಿಕ್ತು. ತಪ್ಪಿಲ್ಲ ಅಂತ."

"ಹಂಗಾದ್ರೆ ನಮ್ದು ಹಾಕ್ಬೇಡಿ ಮೇಡಂ. ಇವ್ರು ಲೆಕ್ಕಕ್ಕೇ ಇಲ್ವಲ್ಲ. ಕೋಪ ಮಾಡ್ಕೋಬೇಡಿ."

ಸುನಂದಳ ಫಲಿತಾಂಶಗಳಲ್ಲೆಲ್ಲ ಚೆನ್ನಾಗಿ ಬಂದಿದ್ದು ಅದೇ. ಆದರೂ ಸುನಂದ ಆಗಲಿ ಎಂದಳು. ಚಿತ್ರವನ್ನು ಇಳಿಸಿಕೊಂಡಿದ್ದ ಸಿ.ಡಿ.ಯನ್ನೂ ಕ್ಯಾಸೆಟ್ಟನ್ನೂ ಅಲ್ಲೇ ಬಿಟ್ಟಳು.

ಭಾರತಮ್ಮ ಕಾಫಿ ತಂದಳು. "ಮನೇಲಿ ಕಾಯ್ತಿರ್ತಾರೇನೋ, ನಾನು ನಿಲ್ಲಿಸ್ಕೊಂಡ್ಬಿಟ್ಟೆ."

"ಯಾರೂ ಇಲ್ಲ."

"ಹಂಗಾದ್ರೆ ಊಟ ಮಾಡ್ಕೊಂಡೇ ಹೋಗಿ. ಮುದ್ದೆ ಮಾಡ್ತೀನಿ."

ಸುನಂದಳಿಗೆ ಇರಬೇಕೆನಿಸಿತು. ಆದರೆ ಕರೆದವರ ಮನೆಯಲ್ಲಿ ಉಳಿಯುವ ಅಭ್ಯಾಸವೇ ತಪ್ಪಿಹೋಗಿತ್ತು. ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟಳು. ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ಕಾದಳು. ಅಷ್ಟು ಹೊತ್ತೂ ಹಿಂದಿರುಗಿ ಹೋಗಲೇ ಎಂದುಕೊಳ್ಳುತ್ತಿದ್ದಳು, ಹೋಗಲಿಲ್ಲ.

ಮರುವರ್ಷ ಪದವಿ ಬಂತು. ಹೇಳಿಕೊಳ್ಳಲು ಮೊದಲು ನೆನಪಾದವಳು ಭಾರತಮ್ಮ. ಸಿಹಿ ಕಟ್ಟಿಸಿಕೊಂಡು ಹೋದಳು. ಬಾಗಿಲಿಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಕದಿರಮ್ಮ ಹೇಳಿದಳು: "ಟೇಕಲ್‌ನಲ್ಲಿ ಅವ್ರಕ್ಕನ ಮನೆ ಸೇರ್ಕೊಂಡ್ರು, ಇನ್ನು ಬರಾಕಿಲ್ಲ. ನೀವು ಅವ್ರಿಗೆ ಏನಾಗ್ಬೇಕು?"

ಸುನಂದ ಸಿಹಿಯ ಪೊಟ್ಟಣವನ್ನು ಕದಿರಮ್ಮನ ಕೈಗಿತ್ತು, ಬಸ್ ನಿಲ್ದಾಣದ ಕಡೆ ನಡೆದಳು.